ಹಿಂದಲ ಒಲೆ

“ಅಳಾದ್ ನಿಲ್ಸೇ, ಮುಂಡೆ. ಇನ್ನರ್ಧ ಗಂಟೆಗೆ ಬಂದ್ಬುಡ್ತಾರೆ. ಮೊಕ ತೊಳ್ಕಂಡು ಹೂ ಮುಡ್ಕೊ.”

“ಮುಂಡೆ ಅನ್ಬೇಡಿ ಬುದ್ಧಿ. ನನ್ ಗಂಡ ಇನ್ನೂ ಬದುಕವ್ನೆ.”

ಚನ್ನಂಕೇಗೌಡ ಕೈಯೆತ್ತಿದ. ಆದರೆ ಹೊಡೆಯಲಿಲ್ಲ. ಕೆನ್ನೆಯ ಮೇಲೆ ಬೆರಳು ಮೂಡಿದರೆ ಬರುವವರಿಗೆ ಕಾಣುತ್ತದೆ ಎಂಬುದು ಸಮಯಕ್ಕೆ ಸರಿಯಾಗಿ ನೆನಪಾಯಿತು. ಎತ್ತಿದ ಕೈಯಲ್ಲಿ ತನ್ನ ತಲೆಗೂದಲನ್ನೇ ಸವರಿಕೊಂಡು ದನಿ ತಗ್ಗಿಸಿದ.

“ನಂಗೇನ್ ಒಟ್ಟೆ ಉರಿಯಕ್ಕಿಲ್ವಾ? ಇವತ್ತೊಂದಿನ ತಡ್ಕೊ. ಎಲ್ಡ್ ಗಂಟೆಗೆ ಅವ್ರು ಓಯ್ತಾರೆ. ಅವ್ರ್ ಕಾರು ಗೇಟ್ ದಾಟುದ್ ತಕ್ಷಣ ನನ್ ಕಾರಲ್ಲೇ ಮಂಡ್ಯಕ್ಕೆ ಕರ್ಕಂಡೋಯ್ತೀನಿ.”

ಗೋದಾಮಿನ ಮೂಲೆಯಲ್ಲಿ ಖಾಲಿ ಗೋಣಿಗಳ ಮೇಲೆ ಸೌಮ್ಯಳ ಗಂಡ ಸಿದ್ದರಾಜು ಮಲಗಿದ್ದ. ಎಡಗಿವಿಯಿಂದ ಸೊಂಟದವರೆಗೆ ಬೆಂದುಹೋಗಿತ್ತು. ಶರ್ಟು ಯಾವುದು, ಚರ್ಮ ಯಾವುದು ಎಂದು ಹೇಳುವಂತಿರಲಿಲ್ಲ. ಮೊದಲು ಕಿರುಚಿದವನು ಈಗ ಸುಮ್ಮನಾಗಿದ್ದ. ಸೌಮ್ಯಳಿಗೆ ಅವನ ಕಿರುಚಾಟಕ್ಕಿಂತ ಈ ಸುಮ್ಮನಿರುವಿಕೆಯೇ ಹೆಚ್ಚು ಭಯ ಹುಟ್ಟಿಸಿತ್ತು.

“ಅಲ್ಲೀಗಂಟ ತಡ್ದಾನಾ ಬುದ್ಧಿ? ನಿಮ್ ಕಾಲಿಗೆ ಬೀಳ್ತೀನಿ, ಒಂದು ಆಟೋ ಕರೀರಿ.”

“ಆಟೋಲಿ ಓದ್ರೆ ಆಸ್ಪತ್ರೆನೋರು ಏನ್ ಕೇಳ್ತಾರೆ? ಎಂಗ್ ಸುಟ್ಕಂಡ ಅಂತಾರೆ. ಪೊಲೀಸ್ನೋರ್ ಬತ್ತಾರೆ. ಆಗ ಮೊದ್ಲು ಒಳಿಕ್ ಓಗೋನು ನಾನಲ್ಲ ಕಣೇ, ಮೂಟೆನ ಒಲೆಗಾಕ್ದೋನು. ಅದುನ್ನ ಎತ್ತಿ ಕೈಗ್ ಕೊಟ್ಟೋಳು ಯಾರು? ಏಳು, ಯಾರು?”

ಎತ್ತಿ ಕೊಟ್ಟವಳು ಸೌಮ್ಯಳೇ.

ಯಲಿಯೂರು ದಾಟಿದ ಮೇಲೆ ರೈಲು ಹಳಿಯ ಪಕ್ಕದಲ್ಲಿ ಚನ್ನಂಕೇಗೌಡನ ಆಲೆಮನೆ. ಅದಕ್ಕೆ ಎರಡು ಒಲೆ. ಮುಂದಿನದು ಹೋದ ವರ್ಷ ಕಟ್ಟಿಸಿದ್ದು. ಕೆಂಪು ಹೆಂಚು, ಸುಣ್ಣ ಬಳಿದ ಗೋಡೆ, ಎತ್ತರದ ಚಿಮಣಿ, ಬಾಗಿಲಲ್ಲಿ ಹಸಿರೆಲೆ ಬಿಡಿಸಿದ ಬೋರ್ಡು. ಅಲ್ಲಿ ಒಣಗಿದ ಕಬ್ಬಿನ ಸಿಪ್ಪೆ ಬಿಟ್ಟು ಬೇರೇನೂ ಉರಿಯುವಂತಿರಲಿಲ್ಲ. ಹಿಂದಲ ಒಲೆ ಗೌಡನ ಅಪ್ಪನ ಕಾಲದ್ದು, ಎತ್ತರದ ಗೋಡೆಯ ಮರೆಯಲ್ಲಿತ್ತು. ಅಲ್ಲಿ ಉರಿಯದ ವಸ್ತುವೇ ಇಲ್ಲ. ಹಳೇ ಚಪ್ಪಲಿ, ಟಯರಿನ ತುಂಡು, ನೈಲಾನು ಚಿಂದಿ, ಪ್ಲಾಸ್ಟಿಕ್ಕು, ಮಂಡ್ಯದ ಗುಜರಿಯಿಂದ ಮೂಟೆಗಟ್ಟಲೆ ಬಂದು ಬೀಳುತ್ತಿತ್ತು. ಎರಡು ಒಲೆಯ ಬೆಲ್ಲವೂ ಒಂದೇ ಡಬ್ಬಿಗೆ ಹೋಗುತ್ತಿತ್ತು, ಡಬ್ಬಿಯ ಮೇಲೆ ಅದೇ ಹಸಿರೆಲೆ.

ಗೌಡನಿಗೆ ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ, ಅಂದರೆ ಆಳುಗಳ ಮುಂದೆ. “ಒರಗಡೆ ದೇಸದೋರಿಗೆ ಅಸ್ರು ಬೇಕು ಕಣ್ರಲಾ,” ಎನ್ನುತ್ತಿದ್ದ. “ರೇಟು ಮಾತ್ರ ಸಕ್ರೆ ಕಲ್ಸಿರೋ ಬೆಲ್ಲದ್ದೇ ಕೊಡ್ತಾರೆ. ಸಿಪ್ಪೆ ಒಣಗಾಕಕ್ಕೆ ಜಾಗ ಬೇಕು, ಆಳು ಬೇಕು. ಅದುನ್ನ ಕಾಗದದ ಮಿಲ್ಲಿಗೆ ಮಾರುದ್ರೆ ಕಾಸಾದ್ರೂ ಉಟ್ತದೆ. ಅದಕ್ಕೇ ಒಂದೊಲೆ ತೋರ್ಸಕ್ಕೆ, ಒಂದೊಲೆ ಬದುಕಕ್ಕೆ.”

ಆ ಬದುಕುವ ಒಲೆಯ ಬಾಯಲ್ಲಿ ಆರು ವರ್ಷದಿಂದ ನಿಂತವರು ಸೌಮ್ಯ ಮತ್ತು ಸಿದ್ದರಾಜು. ಅವರ ಕೇರಿಯವರಿಗೆ ಒಲೆಯ ಬಾಯಿ ಮಾತ್ರ. ಕೊಪ್ಪರಿಗೆಯ ಹತ್ತಿರ, ಬೆಲ್ಲದ ಅಚ್ಚಿನ ಹತ್ತಿರ ಅವರು ಸುಳಿಯುವಂತಿರಲಿಲ್ಲ. ಇಬ್ಬರೂ ರಾತ್ರಿ ಕೆಮ್ಮಿದರೆ ಕರಿ ಉಗುಳು ಬರುತ್ತಿತ್ತು. ಅದನ್ನು ಅವರು ಆಲೆಮನೆಯ ಶೀತ ಎಂದು ಕರೆಯುತ್ತಿದ್ದರು.

ಮೂಟೆ ಬಿಚ್ಚಿ ಆರಿಸುವುದಕ್ಕೆ ಗುತ್ತಲಿನಿಂದ ಬಿಬಿ ಜಾನ್ ಎಂಬ ಮುದುಕಿ ಬರುತ್ತಿದ್ದಳು. ಆಕೆ ಮೂಟೆಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಕುಲುಕಿದರೆ ಸಾಕು, ಒಳಗೆ ಏನಿದೆ ಎಂದು ಹೇಳುತ್ತಿದ್ದಳು. ಸೊಳ್ಳೆ ಹೊಡೆಯುವ ಡಬ್ಬಿ, ಸೆಂಟಿನ ಡಬ್ಬಿ, ಗ್ಯಾಸ್ ತುಂಬಿದ್ದೆಲ್ಲ ಒಂದು ಕಡೆ ಎತ್ತಿಡುತ್ತಿದ್ದಳು. ಹೋದ ತಿಂಗಳು ಗೌಡ ಆಕೆಯನ್ನು ಬಿಡಿಸಿದ. ಒಂದು ಆಳಿನ ಕೂಲಿ ಉಳಿಯಿತು. ಅಲ್ಲಿಂದ ಸಿದ್ದರಾಜುವೇ ಕುಡುಗೋಲಿನಿಂದ ಮೂಟೆ ಸೀಳಿ, ಕಣ್ಣಿಗೆ ಬಿದ್ದಷ್ಟನ್ನು ಆರಿಸಿ ಒಲೆಗೆ ಹಾಕುತ್ತಿದ್ದ.

ಇವತ್ತು ಸೀಳುವುದಕ್ಕೂ ಪುರುಸೊತ್ತಿರಲಿಲ್ಲ. ಬೆಲ್ಲ ಕೊಳ್ಳುವ ಪರದೇಶದ ಕಂಪನಿಯವರು ನೋಡಲು ಬರುತ್ತಾರೆಂದು ಬೆಳಿಗ್ಗೆ ಎಂಟಕ್ಕೇ ಗೌಡ ಬಂದು ಕೂಗಾಡಿದ್ದ. “ಒಂದು ಮೂಟೆನೂ ಕಾಣಬಾರದು. ಅವ್ರು ಬರೋದ್ರೊಳಗೆ ಎಲ್ಲಾನೂ ಒಲೆಗಾಕಿ ಮುಗ್ಸಿ.” ಒಟ್ಟಿದ್ದ ಮೂಟೆ ಗೋಡೆಯೆತ್ತರ ಇತ್ತು. ಸೌಮ್ಯ ಎತ್ತಿ ಕೊಡುವುದು, ಸಿದ್ದರಾಜು ಒಲೆಯ ಬಾಯಿಗೆ ತಳ್ಳುವುದು. ಒಂದು ಮೂಟೆ ಎತ್ತುವಾಗ ಒಳಗಿನಿಂದ ಟಿಣ್ಣೆಂದು ಸದ್ದು ಬಂತು. ಅವಳು ನಿಂತಳು.

“ಏನೋ ಅಂತದೆ ಮಾವ ಇದ್ರಲ್ಲಿ.”

“ಲೋಟ ಗೀಟ ಇರ್ಬೇಕು. ಕೊಡಮ್ಮಿ ಬೇಗ, ಗೌಡ್ರು ನೋಡ್ತಾವ್ರೆ.”

ಅವಳು ಕೊಟ್ಟಳು. ಅವನು ತಳ್ಳಿದ. ಆಮೇಲೆ ಒಲೆಯೇ ಬಾಯಿ ಬಿಟ್ಟು ಅವನ ಮೇಲೆ ಉಗುಳಿತು.

ಫೋನು ಇದ್ದಿದ್ದರೆ ಅವಳು ಯಾರನ್ನೂ ಕೇಳದೆ ಆಂಬುಲೆನ್ಸಿಗೆ ಮಾಡುತ್ತಿದ್ದಳು. ಆದರೆ ಬೆಳಿಗ್ಗೆಯೇ ವೀಣ ಮೇಡಂ ಎಲ್ಲರ ಫೋನನ್ನೂ ಒಂದು ಮೊರದಲ್ಲಿ ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಯಾರೂ ಫೋಟೋ ತೆಗೆಯಬಾರದಂತೆ. ವೀಣ ಮಂಡ್ಯದವಳೇ. ಕಂಪನಿಯವರ ಪತ್ರ, ಮಾತು, ಇಂಗ್ಲಿಷು ಎಲ್ಲ ನೋಡಿಕೊಳ್ಳುವ ಸಂಬಳದ ಹುಡುಗಿ. ಡಬ್ಬಿ ಸಿಡಿದ ಸದ್ದಿಗೆ ಓಡಿಬಂದವಳು ಸಿದ್ದರಾಜುವನ್ನು ಒಮ್ಮೆ ನೋಡಿ, ಗೋಡೆ ಹಿಡಿದು ವಾಂತಿ ಮಾಡಿಕೊಂಡು, ಬಾಯಿ ತೊಳೆದು ಮತ್ತೆ ಆಫೀಸಿಗೆ ಹೋಗಿ ಕೂತಿದ್ದಳು.

ಈಗ ಗೌಡ ಗೋದಾಮಿನಿಂದ ಗೇಟಿನ ಅಗುಳಿ ಹಾಕಲು ಹೋದಾಗ ಸೌಮ್ಯ ಮುಂದಿನ ಒಲೆಯ ಕಡೆ ಓಡಿದಳು. ಅಲ್ಲಿ ಒಂದು ಬಕೆಟ್ಟಿನ ತುಂಬ ಬೆಂಡೆಯ ಲೋಳೆ ಇತ್ತು. ಬೆಂಡೆ ಗಿಡದ ಕಾಂಡ ಜಜ್ಜಿ ನೀರಿನಲ್ಲಿ ಕಿವುಚಿ ತೆಗೆದ ಲೋಳೆ. ಕುದಿಯುವ ಹಾಲಿಗೆ, ಅಂದರೆ ಕಬ್ಬಿನ ರಸಕ್ಕೆ ಅದನ್ನು ಸುರಿದರೆ ಕಸರೆಲ್ಲ ಮೇಲಕ್ಕೆ ಬರುತ್ತದೆ. ಬೆಲ್ಲದ ಬಣ್ಣ ತಿಳಿಯಾಗಿಸುವ ಬಿಳಿ ಪುಡಿ ಹಾಕುವುದಿಲ್ಲ, ಇದನ್ನು ಹಾಕುತ್ತೇವೆ ಎಂದು ಬಂದವರಿಗೆ ತೋರಿಸಬೇಕಿತ್ತು. ಅದನ್ನು ಜಜ್ಜಿದವಳೂ ಸೌಮ್ಯಳೇ. ಕೈಯಿಟ್ಟಾಗ ತಣ್ಣಗಿತ್ತು. ಬೆಂದ ಮೈಗೆ ಇದಕ್ಕಿಂತ ತಂಪು ಇನ್ನೇನಿದೆ ಎಂದುಕೊಂಡು ಬಕೆಟ್ಟನ್ನೇ ಎತ್ತಿಕೊಂಡು ಬಂದು ಗಂಡನ ಎದೆಗೆ, ಕುತ್ತಿಗೆಗೆ, ಕೈಗೆ ಸುರಿದಳು.

“ಅಬ್ಬಾ,” ಎಂದ ಸಿದ್ದರಾಜು. ಅವಳಿಗೆ ಜೀವ ಬಂದಂತಾಯಿತು.

ಹೊರಗೆ ಕಾರಿನ ಹಾರನ್ ಕೇಳಿಸಿತು. ಅವಳು ಖಾಲಿ ಬಕೆಟ್ಟನ್ನು ಇದ್ದ ಜಾಗದಲ್ಲಿಟ್ಟು, ಮುಖ ತೊಳೆದು, ಕನಕಾಂಬರ ಮುಡಿದು ಮುಂದಿನ ಒಲೆಯ ಹತ್ತಿರ ಹೋಗಿ ನಿಂತಳು.

ಬಂದವರು ಇಬ್ಬರು. ಎತ್ತರದ ಬಿಳಿ ಹೆಂಗಸೊಬ್ಬಳು, ಹುಲ್ಲಿನ ಟೋಪಿ ಹಾಕಿದ್ದಳು. ಜೊತೆಗೆ ಕ್ಯಾಮರಾ ನೇತುಹಾಕಿಕೊಂಡ ಗಂಡಸು. ಅವರ ಕಾರು ಒಳಗೆ ಬಂದ ಮೇಲೆ ಗೌಡ ಗೇಟು ಮತ್ತೆ ಹಾಕಿಸಿದ. ಬಿಳಿ ಹೆಂಗಸು ನೇರವಾಗಿ ಸೌಮ್ಯಳ ಹತ್ತಿರ ಬಂದು ಕೈಕುಲುಕಿದಳು. ಅವಳ ಅಂಗೈ ಮೆತ್ತಗಿತ್ತು. ಸೌಮ್ಯಳ ಕೈಯಲ್ಲಿ ಇನ್ನೂ ಲೋಳೆ ಅಂಟಿತ್ತು.

“ಇಲ್ಲಿ ಕೆಲಸ ಮಾಡೋಕೆ ಖುಷಿಯಾ ಅಂತ ಕೇಳ್ತಿದ್ದಾರೆ,” ಎಂದಳು ವೀಣ, ನೆಲ ನೋಡುತ್ತ.

“ಕುಸಿ ಅದೆ ಮೇಡಂ. ನಮ್ ಧಣಿ ದೇವ್ರಂಗೆ.”

ವಾರದಿಂದ ಬಾಯಿಪಾಠ ಮಾಡಿಸಿದ್ದ ಮಾತು. ಅದು ತಡೆಯಿಲ್ಲದೆ ಬಂದದ್ದು ಕಂಡು ಸೌಮ್ಯಳಿಗೆ ತನ್ನ ಬಾಯಿಯ ಮೇಲೇ ಅಸಹ್ಯವಾಯಿತು.

ಬಿಳಿ ಹೆಂಗಸು ಮೂಗೆಳೆದಳು. ಹಿಂದಲಿಂದ ಸುಟ್ಟ ರಬ್ಬರಿನ ವಾಸನೆ ಇನ್ನೂ ಬರುತ್ತಿತ್ತು. ಗೌಡ ನಕ್ಕು, ರೈಲು ಹಳಿಯಾಚೆಗೆ ಕೈ ತೋರಿಸಿ ತನಗೆ ತಿಳಿದಷ್ಟು ಇಂಗ್ಲಿಷಿನಲ್ಲಿ ಏನೋ ಹೇಳಿದ. ಆಮೇಲೆ ತನ್ನ ಮಾತು ಆಳುಗಳಿಗೂ ತಿಳಿದಿರಲಿ ಎಂಬಂತೆ ಕನ್ನಡದಲ್ಲೂ ಹೇಳಿದ. “ಕೇರಿ ಜನ ಕಸ ಸುಡ್ತಾರೆ ಅಂದೆ. ಎಷ್ಟ್ ಏಳುದ್ರೂ ಅವುಕ್ಕೆ ಬುದ್ಧಿ ಬರಕ್ಕಿಲ್ಲ.” ಬಿಳಿ ಹೆಂಗಸು ಮರುಕದಿಂದ ತಲೆಯಾಡಿಸಿ ಪುಸ್ತಕದಲ್ಲಿ ಬರೆದುಕೊಂಡಳು.

ಗೌಡ ಮಾತಾಡುತ್ತಲೇ ಹೋದ. ಮಣ್ಣು ಉಳಿಯಬೇಕು, ಗಾಳಿ ಉಳಿಯಬೇಕು, ಮಾರುಕಟ್ಟೆಯಲ್ಲೂ ನಾವು ಉಳಿಯಬೇಕು ಎಂದು ಕೈಯನ್ನು ತಕ್ಕಡಿಯಂತೆ ಆಡಿಸಿ ತೋರಿಸಿದ. ಸೌಮ್ಯ ಮೆಲ್ಲಗೆ ಹಿಂದೆ ಸರಿದು ಗೋದಾಮಿಗೆ ನುಗ್ಗಿದಳು.

ಸಿದ್ದರಾಜುವಿನ ಹಲ್ಲು ಕಟಕಟ ಎನ್ನುತ್ತಿದ್ದವು.

“ಚಳಿ ಕಣಮ್ಮಿ.”

ಹೊರಗೆ ಬಿಸಿಲು ರಣಗುಡುತ್ತಿತ್ತು. ಎರಡು ಗೋಡೆಯಾಚೆ ಕೊಪ್ಪರಿಗೆ ಕುದಿಯುತ್ತಿತ್ತು. ಇವನಿಗೆ ಚಳಿ. ಅವಳು ಕಂಡ ಗೋಣಿಯನ್ನೆಲ್ಲ ಎಳೆದು ಹೊದಿಸಿದಳು. ಗೋಣಿ ತಾಗಿದ ಕಡೆ ಅವನು ಬೆಚ್ಚಿದ, ಆದರೂ ತೆಗೆ ಎನ್ನಲಿಲ್ಲ. ಬೆಂದ ಕಡೆಯ ತುಟಿ ಊದಿ ಬಾಯಿ ಓರೆಯಾಗಿತ್ತು. ಲೋಳೆ ಒಣಗಿ ಚರ್ಮವನ್ನು ಬಿಗಿದು ಎಳೆಯುತ್ತಿತ್ತು. ತಾನು ಮಾಡಿದ್ದು ತಪ್ಪಾಯಿತೇನೋ ಎಂಬ ಅನುಮಾನ ಅವಳಿಗೆ ಬಂತು. ಮೂಟೆ ಕೊಟ್ಟವಳೂ ನಾನೇ, ಲೋಳೆ ಸುರಿದವಳೂ ನಾನೇ.

“ಮಾವ, ನೋಡಿಲ್ಲಿ. ಮಾತಾಡು.”

“ಅವ್ರು ಓದ್ರಾ?”

“ಓಯ್ತಾರೆ. ಇನ್ನೇನ್ ಓಯ್ತಾರೆ.”

ವಾಪಸ್ಸು ಬಂದಾಗ ಗೌಡ ಯಾರಿಗೂ ಕಾಣದಂತೆ ಅವಳ ಮೊಣಕೈಯ ಮೇಲಿನ ಮಾಂಸ ಹಿಡಿದು ತಿರುಚಿದ. “ಎಲ್ಲೋಗಿದ್ದೆ ಬೇವಾರ್ಸಿ? ಬೆಲ್ಲದ್ ತಟ್ಟೆ ಇಡ್ಕೊ. ನಗು.” ಆರು ವರ್ಷ ಅವಳ ನೆರಳು ಬೀಳಬಾರದಾಗಿದ್ದ ಬೆಲ್ಲದ ತಟ್ಟೆ ಇವತ್ತು ಅವಳ ಕೈಗೆ ಬಂತು. ಕ್ಯಾಮರಾದವನು ಮೂರು ಸಲ ಕ್ಲಿಕ್ಕಿಸಿದ. ತಟ್ಟೆ ವಾಲಿ ಒಂದು ಅಚ್ಚು ಕೆಳಗೆ ಬಿತ್ತು. ಯಾರೋ ನಕ್ಕರು.

ಕೊಪ್ಪರಿಗೆಯ ಮುಂದೆ ಪಾಕ ನೋಡುವ ಹೊನ್ನಯ್ಯ ನಿಂತಿದ್ದ. ಗೌಡನ ಅಪ್ಪನ ಕಾಲದಿಂದಲೂ ಇರುವ ಮುದುಕ, ಹೇಳಿದ ಮಾತಿಗೆ ಹೂಂ ಅನ್ನುವುದು ಬಿಟ್ಟು ಬೇರೆ ಗೊತ್ತಿಲ್ಲದವನು. ಹಾಲು ಪಾಕಕ್ಕೆ ಹತ್ತಿರವಾಗಿದ್ದರೂ ಬಂದವರಿಗೆ ತೋರಿಸಲೆಂದು ಅವನು ಲೋಳೆಯ ಬಕೆಟ್ಟಿಗೆ ಕೈ ಹಾಕಿ, ಬಗ್ಗಿ ನೋಡಿ, ಬರಿಗೈ ಮೇಲೆತ್ತಿದ.

“ಸುರಿಯೋ ಒನ್ನಯ್ಯ. ಕಾಯ್ತಾವ್ರೆ.”

“ಕಾಲಿ ಅದೆ ಬುದ್ಧಿ.”

ಗೌಡನ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. “ಎಲ್ಲೇ ಲೋಳೆ?” ಎಂದು ಹಲ್ಲುಗಳ ನಡುವಿನಿಂದ ಸೌಮ್ಯಳನ್ನು ಕೇಳಿದ.

ಬಿಳಿ ಹೆಂಗಸು ಸೌಮ್ಯಳ ಕಡೆ ತಿರುಗಿ ನೋಡಿದಳು. ಎಲ್ಲರೂ ನೋಡಿದರು. ಗೌಡ, ಪೊಲೀಸು, ಜೈಲು, ನಾಳೆಯಿಂದ ಮುಚ್ಚುವ ಕೆಲಸ, ಎಲ್ಲದರ ಭಯವೂ ಸೌಮ್ಯಳಿಗಿತ್ತು. ಗಂಡನ ಹಲ್ಲಿನ ಕಟಕಟ ಮಾತ್ರ ಕಿವಿಯಲ್ಲಿತ್ತು. ಅವಳು ಗೌಡನಿಗೆ ಹೇಳಲಿಲ್ಲ, ವೀಣಳಿಗೆ ಹೇಳಿದಳು.

“ಲೋಳೆ ನನ್ ಗಂಡನ್ ಮೈ ಮೇಲದೆ ಮೇಡಂ. ಹಿಂದ್ಗಡೆ ಒಲೆಲಿ ಡಬ್ಬಿ ಸಿಡ್ದು ಅವ್ನು ಬೆಂದೋಗವ್ನೆ. ಗೋದಾಮಲ್ಲಿ ಬಚ್ಚಿಟ್ಟವ್ರೆ. ಸತ್ತೋಯ್ತಾನೆ. ಇವರ್ಗೆ ಏಳಿ. ಇವ್ರ್ ಕಾರು ಕೊಡ್ಸಿ, ನಿಮ್ಮ ದಮ್ಮಯ್ಯ ಅಂತೀನಿ.”

ವೀಣ ಗೌಡನ ಕಡೆ ನೋಡಿದಳು. ಗೌಡ ಕಣ್ಣು ಮಿಟುಕಿಸದೆ ಅವಳನ್ನೇ ನೋಡುತ್ತಿದ್ದ. ಅವಳು ಬಿಳಿ ಹೆಂಗಸಿನ ಕಡೆ ತಿರುಗಿ ಒಂದೇ ಉಸಿರಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದಳು.

ಬಿಳಿ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡು, ತಲೆ ಓರೆ ಮಾಡಿ, ಸೌಮ್ಯಳಿಗೆ ಬಾಯ್ತುಂಬ ನಕ್ಕಳು. “ಥ್ಯಾಂಕ್ಯೂ, ಥ್ಯಾಂಕ್ಯೂ,” ಎಂದಳು. ಕ್ಯಾಮರಾದವನು ಸೌಮ್ಯಳ ಕಣ್ಣೀರನ್ನು ಹತ್ತಿರದಿಂದ ತೆಗೆದ.

“ಏನಂದ್ರಿ ಮೇಡಂ?”

“ಹೇಳಿದ್ದೀನಿ ಸೌಮ್ಯ.”

“ಮತ್ಯಾಕೆ ನಗ್ತಾವ್ರೆ?”

ವೀಣ ಕೊರಳಿನ ಗುರುತಿನ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಸೌಮ್ಯ ಬೆಲ್ಲದ ತಟ್ಟೆಯನ್ನು ನೆಲದ ಮೇಲಿಟ್ಟಳು. ಗೋದಾಮಿನಲ್ಲಿ ಗಂಡನ ಬಲಗಡೆ, ಬೆಂಕಿ ಮುಟ್ಟದಿದ್ದ ಕಡೆ ಕೂತು, ಅವನ ತೋಳನ್ನು ಹೆಗಲ ಮೇಲೆ ಹಾಕಿಕೊಂಡಳು.

“ಏಳು ಮಾವ. ಓಗಾನ.”

“ಗೌಡ್ರು ಎಲ್ಡ್ ಗಂಟೆ ಅಂದ್ರಲ್ಲಮ್ಮಿ. ಬೈತಾರೆ.”

“ಬೈಲಿ. ಏಳು.”

ಅವನು ಎದ್ದ. ಅದು ಹೇಗೆಂದು ಅವಳಿಗೂ ಗೊತ್ತಾಗಲಿಲ್ಲ. ಒಂದು ಹೆಜ್ಜೆ, ನಿಲ್ಲುವುದು, ಮತ್ತೊಂದು ಹೆಜ್ಜೆ. ಇಬ್ಬರೂ ಗೋಡೆಯ ಮರೆಯಿಂದ ಹೊರಬಂದು, ಸುಣ್ಣ ಬಳಿದ ಗೋಡೆಯ ಮುಂದೆ, ಬಿಸಿಲಿನಲ್ಲಿ, ನೇರವಾಗಿ ಅಂಗಳ ದಾಟತೊಡಗಿದರು. ಸಿದ್ದರಾಜುವಿನ ಎಡಗೈಯಿಂದ ಚರ್ಮ ಕೈಗವಸಿನಂತೆ ಕೆಳಗೆ ಇಳಿದಿತ್ತು.

ಮೊದಲು ಕ್ಯಾಮರಾ ಕೆಳಗಿಳಿಯಿತು. ಬಿಳಿ ಹೆಂಗಸಿನ ನಗು ಮಾಸುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ತೆಗೆದುಕೊಂಡಿತು. ಆಮೇಲೆ ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. ಗೌಡ ಅವಳ ಮುಂದೆ ಅಡ್ಡ ನಿಂತು, ಹೆಬ್ಬೆರಳನ್ನು ಬಾಯಿಗೆ ಎತ್ತಿ ತೋರಿಸಿ, ಕುಡಿದಿದ್ದಾನೆ, ಮನೆಯಲ್ಲಿ ಒಲೆಗೆ ಬಿದ್ದಿದ್ದಾನೆ ಎಂದು ಸನ್ನೆ ಮಾಡುತ್ತಿದ್ದ.

ಬಂದವರ ಕಾರಿನ ಪಕ್ಕದಲ್ಲಿ ಡ್ರೈವರ್ ನಾಸಿರ್ ಗಾಜು ಒರೆಸುತ್ತಿದ್ದ. ಮದ್ದೂರಿನವನು, ಬಾಡಿಗೆಗೆ ಬಂದವನು. ಅವನ ಕೈ ಗಾಜಿನ ಮೇಲೇ ನಿಂತಿತು.

“ಯಾ ಅಲ್ಲಾ. ಏನಾಯ್ತಮ್ಮ?”

“ಬಾಗ್ಲು ತಗಿಯಣ್ಣ.”

ಅವನು ತೆಗೆದ. ಬಿಳಿ ಬಟ್ಟೆ ಹೊದಿಸಿದ ಸೀಟಿನ ಮೇಲೆ ಅವಳು ಗಂಡನನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು ಬಾಗಿಲು ಎಳೆದುಕೊಂಡಳು. ಗೌಡ ಅಂಗಳದ ಆಚೆಯಿಂದ ಕೂಗಿದ. ಈಗ ಅವನಿಗೆ ನಗುವುದು ಮರೆತಿತ್ತು.

“ಇಳಿಯೇ ಸೂಳೆಮುಂಡೆ! ಲೇ ಡ್ರೈವರ್, ಗಾಡಿ ತಗುದ್ಯೋ ನಿನ್ ಬಾಡಿಗೆ ಅಷ್ಟೇಯ! ನಿನ್ ಕೈ ಮುರಿಸ್ತೀನಿ ಬೋಳಿಮಗ್ನೆ!”

ನಾಸಿರ್ ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತ. “ಕೂಗ್ತಾವ್ರೆ ಕಣಮ್ಮ,” ಎಂದ ಮೆಲ್ಲಗೆ.

“ಕೇಳುಸ್ತು. ನಡಿ ಅಣ್ಣ.”

ಅವನು ಕನ್ನಡಿಯಲ್ಲಿ ಹಿಂದಿನ ಸೀಟನ್ನು ಒಮ್ಮೆ ನೋಡಿ ಕೀಲಿ ತಿರುಗಿಸಿದ. ಕಾರು ಗೇಟಿನ ಮುಂದೆ ಹೋಗಿ ನಿಂತಿತು. ಗೇಟಿಗೆ ಅಗುಳಿ. ಅವನು ಹಾರನ್ ಒತ್ತಿ ಹಿಡಿದ. ಅಂಗಳದಲ್ಲಿ ಹತ್ತು ಹನ್ನೆರಡು ಆಳುಗಳಿದ್ದರು. ಯಾರೂ ಕದಲಲಿಲ್ಲ. ಎಲ್ಲರ ಕಣ್ಣೂ ಗೌಡನ ಮೇಲಿತ್ತು. ಗೌಡ ಪಂಚೆ ಎತ್ತಿ ಕಟ್ಟಿಕೊಂಡು ಕಾರಿನ ಕಡೆ ಬರುತ್ತಿದ್ದ.

ಕೊಪ್ಪರಿಗೆಯಲ್ಲಿ ಪಾಕ ಬಂದಿತ್ತು. ಅದು ಎಣಿಸಿದಷ್ಟು ಗಳಿಗೆಯ ಕೆಲಸ. ಆಗಲೇ ಇಳಿಸಬೇಕು, ತಪ್ಪಿದರೆ ಇಡೀ ಕೊಪ್ಪರಿಗೆ ಸೀದು ಕರಿಯಾಗುತ್ತದೆ. ತಾಯಿ ಸತ್ತಳೆಂದು ಹೇಳಿಕಳಿಸಿದ ದಿನವೂ ಹೊನ್ನಯ್ಯ ಪಾಕ ಇಳಿಸಿಯೇ ಊರಿಗೆ ಹೋಗಿದ್ದ. ಅವನು ಕೈಯಲ್ಲಿದ್ದ ಉದ್ದದ ಸೌಟನ್ನು ಕೊಪ್ಪರಿಗೆಗೆ ಒರಗಿಸಿಟ್ಟ. ಇಳಿಸಲಿಲ್ಲ. ಉರಿಯನ್ನೂ ಎಳೆಯಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು ಗೇಟಿನ ಕಡೆ ನಡೆದ.

“ಒನ್ನಯ್ಯ! ಪಾಕ! ಪಾಕ ಸೀಯ್ತದೆ ಕಣ್ಲಾ!”

ಗೌಡ ನಡುವೆ ನಿಂತ. ಗೇಟಿನ ಕಡೆ ಎರಡು ಹೆಜ್ಜೆ ಹಾಕಿದ, ಕೊಪ್ಪರಿಗೆಯ ಕಡೆ ಎರಡು ಹೆಜ್ಜೆ ಹಾಕಿದ. ಬಿಳಿ ಹೆಂಗಸಿನ ಮುಂದೆಯೇ ಕೊಪ್ಪರಿಗೆಯಿಂದ ಕರಿ ಹೊಗೆ ಏಳತೊಡಗಿತು. ಅವನು ಸೌಟು ಎಳೆದುಕೊಂಡು ಕೊಪ್ಪರಿಗೆಯ ಕಡೆಗೇ ಓಡಿದ.

ಹೊನ್ನಯ್ಯ ಅಗುಳಿಯನ್ನು ಎರಡೂ ಕೈಯಿಂದ ಎಳೆದ. ಅದು ಬಿಗಿಯಾಗಿತ್ತು. ಕಾಲು ಕೊಟ್ಟು ಎಳೆದ. ಗೇಟು ತೆರೆಯಿತು. ಕಾರು ದಾಟುವಾಗ ಅವನು ಒಳಗೆ ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದ.

ರಸ್ತೆಗೆ ಬಂದ ಮೇಲೆ ನಾಸಿರ್ ಜೋರಾಗಿ ಓಡಿಸಿದ. “ಮಂಡ್ಯ ಇನ್ ಹತ್ತೇ ನಿಮಿಷ ಕಣಮ್ಮ, ಮಾತಾಡುಸ್ತಾ ಇರು ಅವನ್ನ,” ಎಂದ.

“ಮಾವ,” ಎಂದಳು ಸೌಮ್ಯ. “ಮಾವ, ಒರಗಡೆ ಬಂದೋ ನೋಡು.”

ಸಿದ್ದರಾಜುವಿನ ಹಲ್ಲುಗಳ ಸದ್ದು ನಿಂತಿತ್ತು. ತೊಡೆಯ ಮೇಲಿನ ತಲೆ ಕಾರು ಕುಲುಕಿದ ಕಡೆಗೆ ಕುಲುಕುತ್ತಿತ್ತು. ಚಳಿ ಬಿಟ್ಟಿರಬೇಕು ಎಂದುಕೊಂಡಳು. ಮೂಗಿನ ಹತ್ತಿರ ಬೆರಳು ಹಿಡಿದು ನೋಡಬಹುದಿತ್ತು. ಅವಳ ಕೈ ಮೇಲೇಳಲಿಲ್ಲ. ಮಂಡ್ಯ ಬರುವವರೆಗೂ ಅವಳು ಮಾತಾಡಿಸುತ್ತಲೇ ಇದ್ದಳು, ಒಂದು ಸಲವೂ ಕೆಳಗೆ ನೋಡದೆ.